ಮುಗಿಯಿತು ಎಂಬ ಗುರುತು

ಕೃಷ್ಣಾ ನದಿಯ ತಿರುವಿನಲ್ಲಿ ಒಂದು ಸಣ್ಣ ಆಶ್ರಮವಿತ್ತು. ನದಿ ಅಲ್ಲಿ ವೇಗ ಕಳೆದುಕೊಂಡು, ಮೇಲಿನಿಂದ ಹೊತ್ತು ತಂದದ್ದನ್ನು ದಂಡೆಗೆ ಇಳಿಸುತ್ತಿತ್ತು. ಕಟ್ಟಿಗೆ, ಕೊಡ, ಕೆಲವೊಮ್ಮೆ ಮನುಷ್ಯರು.

ಆಶ್ರಮದ ಹಿರಿಯರು ರೇವಯ್ಯ. ಸುತ್ತಲಿನವರಿಗೆಲ್ಲ ಅವರು ಅಪ್ಪಾರು.

ಪೊಲೀಸರ ಕೆಲಸ ಮುಗಿದ ಮೇಲೂ ಯಾರೂ ಕೇಳಿಕೊಂಡು ಬಾರದ ಹೆಣಗಳನ್ನು ಅಪ್ಪಾರು ತಾವೇ ತೊಳೆಯುತ್ತಿದ್ದರು. ಆಶ್ರಮಕ್ಕೆ ಬರುವ ದಾರಿಯ ಪಕ್ಕ, ಬೇವಿನ ಮರಗಳ ಕೆಳಗೆ ಮಣ್ಣು ಮಾಡುತ್ತಿದ್ದರು.

ತೊಳೆಯುವಾಗ ಕಂಡದ್ದನ್ನು ಬರೆದಿಡುತ್ತಿದ್ದರು. ಉಟ್ಟ ಬಟ್ಟೆ, ಅಂದಾಜು ವಯಸ್ಸು, ಗಾಯದ ಕಲೆ, ಹಚ್ಚೆ. ನೀರಿನಲ್ಲಿದ್ದ ಮುಖದ ಗುರುತು ಸಿಗುವುದಿಲ್ಲ. ಹಚ್ಚೆ ಉಳಿಯುತ್ತದೆ.

ಕಾವಿ ಉಡುವ ಮುಂಚೆ ಅಪ್ಪಾರು ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಮಾಡಿದವರು. ಕಾರ್ಖಾನೆಯವರು ಬೇಡವೆಂದ ಹಳೆಯ ಕಂಪ್ಯೂಟರೊಂದು ಅವರ ಜೊತೆ ಬಂದಿತ್ತು. ಬೇಸಿಕ್ ಎಂಬ ಹಳೆಯ ಭಾಷೆಯಲ್ಲಿ ಅವರೇ ಒಂದು ಪ್ರೋಗ್ರಾಮ್ ಬರೆದಿದ್ದರು. ಯಾರಾದರೂ ತಮ್ಮವರನ್ನು ಹುಡುಕಿಕೊಂಡು ಬಂದರೆ, ಅವರು ಹೇಳಿದ ಗುರುತು ಫೈಲಿನಲ್ಲಿ ಇದೆಯೇ ಎಂದು ಅದು ನೋಡಿ ಹೇಳುತ್ತಿತ್ತು.

ಅಪ್ಪಾರ ಕಣ್ಣಿಗೆ ಪೊರೆ ಬರತೊಡಗಿದ ವರ್ಷ ದಾನಮ್ಮ ಅಲ್ಲಿಗೆ ಬಂದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಹೆಂಗಸು. ಕೆಲಸ ಬಿಟ್ಟಿದ್ದಳು. ಯಾಕೆಂದು ಅಪ್ಪಾರು ಕೇಳಲಿಲ್ಲ.

"ಮನಸ್ಸು ನಿಲ್ಲಿಸೂದು ಕಲೀಬೇಕ್ರೀ ಅಪ್ಪಾರ," ಅಂದಳು ದಾನಮ್ಮ.

ಅಪ್ಪಾರು ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು.

"ಮೊದಲು ಇದನ್ನ ಓದಿಸೂದು ಕಲಿ."

ಕಲಿಯುವುದು ಕಷ್ಟವಾಗಲಿಲ್ಲ. ಫೈಲು ಡಿಸ್ಕಿನ ಮೇಲೆ ಇರುತ್ತದೆ. ಪ್ರೋಗ್ರಾಮ್ ಅದನ್ನು ತೆರೆದು ಒಂದೊಂದೇ ಸಾಲು ಓದುತ್ತದೆ. ಓದಿದ್ದನ್ನು ಅರೇ ಎಂಬುದರೊಳಗೆ ಇಡುತ್ತದೆ. ಅರೇ ಎಂದರೆ ಛತ್ರದ ಕೋಣೆಗಳ ಹಾಗೆ ಸಾಲಾಗಿರುವ ಜಾಗ. ಒಂದು ಕೋಣೆಗೆ ಒಬ್ಬರು. ಎಷ್ಟು ಕೋಣೆ ಬೇಕೆಂದು ಮೊದಲೇ ಹೇಳಿರಬೇಕು. ಎಲ್ಲರೂ ಒಳಗೆ ಬಂದ ಮೇಲೆ ಫೈಲು ಮುಚ್ಚಬೇಕು. ಹುಡುಕುವುದೆಲ್ಲ ಆ ಕೋಣೆಗಳಲ್ಲಿಯೇ.

"ಎಲ್ಲಾರೂ ಬಂದ್ರು ಅಂತ ಪ್ರೋಗ್ರಾಮಿಗೆ ಹೆಂಗ ಗೊತ್ತಾಗ್ತದ?" ಎಂದು ಅಪ್ಪಾರು ಕೇಳಿದರು.

"ಫೈಲಿನ ಕೊನೀಗೆ ಮುಗೀತು ಅನ್ನೂ ಗುರುತು ಇರ್ತದಲ್ರೀ. ಅದನ್ನ ಕಂಡ ಕೂಡಲೇ ಓದೂದು ನಿಲ್ಲಸ್ತದ."

"ಆ ಗುರುತು ಸುಳ್ಳು ಹೇಳಿದ್ರ?"

ದಾನಮ್ಮ ನಕ್ಕಳು. "ಗುರುತು ಯಾಕ ಸುಳ್ಳು ಹೇಳ್ತದ್ರೀ ಅಪ್ಪಾರ?"

ಅಪ್ಪಾರು ನಗಲಿಲ್ಲ.

"ಹೊಸಬರನ್ನ ಸೇರಸೂದಿದ್ರ ಈ ಪ್ರೋಗ್ರಾಮಿನೊಳಗಿಂದನ ಸೇರಸು. ತಡ ಆದ್ರೂ ಚಿಂತಿಲ್ಲ," ಎಂದಷ್ಟೇ ಹೇಳಿದರು.

ಮುಂದಿನ ಮಳೆಗಾಲದಲ್ಲಿ ಹೊಳೆ ಉಕ್ಕಿತು.

ಆ ಸಲ ನದಿ ಬಹಳ ಜನರನ್ನು ತಂದಿತು. ಅಪ್ಪಾರಿಗೆ ಆಗಲೇ ಕಣ್ಣು ಮಬ್ಬಾಗಿತ್ತು. ಕೈಯಿಂದ ತಡವಿ ತೊಳೆಯುತ್ತಿದ್ದರು. ಬಟ್ಟೆಯ ಬಣ್ಣ, ಹಚ್ಚೆಯ ಆಕಾರ ಮಾತ್ರ ದಾನಮ್ಮನನ್ನು ಕೇಳುತ್ತಿದ್ದರು. ಅವರು ಹೇಳಿದ್ದನ್ನು ಅವಳು ಬರೆದುಕೊಳ್ಳುತ್ತಿದ್ದಳು.

ಹಳೆಯ ಪ್ರೋಗ್ರಾಮು ಒಂದೊಂದು ಸಾಲಿಗೂ ಹತ್ತು ಪ್ರಶ್ನೆ ಕೇಳುತ್ತಿತ್ತು. ಹೊರಗೆ ಇನ್ನೂ ಮಣ್ಣು ಅಗೆಯುವುದಿತ್ತು. ದಾನಮ್ಮ ತನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಬೇಗಬೇಗ ಟೈಪು ಮಾಡಿ, ಡಿಸ್ಕಿನಲ್ಲಿದ್ದ ಹಳೆಯ ಫೈಲನ್ನೂ ಅಲ್ಲಿಯೇ ತೆರೆದು, ಅದರ ಕೆಳಗೆ ಅಂಟಿಸಿಬಿಟ್ಟಳು.

ತೆರೆದು ನೋಡಿದಳು. ಎಲ್ಲ ಸಾಲುಗಳೂ ಇದ್ದವು. ಸಮಾಧಾನವಾಯಿತು.

ಅಪ್ಪಾರಿಗೆ ಹೇಳಲಿಲ್ಲ. ಹೇಳುವಂಥದ್ದು ಏನೂ ಇಲ್ಲವೆಂದುಕೊಂಡಳು.

ಹೊಳೆ ಇಳಿಯಿತು. ಅಪ್ಪಾರು ಕಣ್ಣಿನ ಆಪರೇಷನ್ನಿಗೆಂದು ದಸರೆಗೆ ಮುಂಚೆ ಊರು ಬಿಟ್ಟರು.

ಅವರು ಇಲ್ಲದಾಗ ಒಬ್ಬ ಹೆಂಗಸು ಬಂದಳು. ಹೆಸರು ಹುಲಿಗೆವ್ವ. ನದಿಯ ಮೇಲ್ಗಡೆಯ ಒಂದು ಊರಿನ ಅಂಬಿಗರವಳು. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ತಮ್ಮನ ಹೆಸರು ಯಮನೂರ. ಹೊಳೆ ಉಕ್ಕಿದ ದಿನ, ಬಲೆ ತೆಗೆದುಕೊಂಡು ಬರುತ್ತೇನೆಂದು ಹೋದವನು ಬಂದಿರಲಿಲ್ಲ. ಅವನ ಹರಿಗೋಲು ಮಾತ್ರ ಮುಳ್ಳಿನ ಪೊದೆಯಲ್ಲಿ ಸಿಕ್ಕಿತ್ತು.

"ಹರಿಗೋಲು ಬಿಟ್ಟು ಈಸಿ ದಂಡಿಗೆ ಹತ್ಯಾನ ಅಂತ ನನ್ನ ಮನಸ್ಸು ಹೇಳ್ತದ," ಅಂದಳು ಹುಲಿಗೆವ್ವ. "ಆದ್ರ ಮಂದಿ ಬಿಡವಲ್ರು. ಇಲ್ಲಿ ಕೇಳ್ಕೊಂಡು ಬಾ ಅಂದ್ರು."

"ಏನರ ಗುರುತು ಐತೇನ್ರೀ ಅಕ್ಕಾರ?"

"ಬಲಗೈ ಮ್ಯಾಲ ಚೇಳಿನ ಹಚ್ಚಿ. ಸಣ್ಣಾಂವ ಇದ್ದಾಗ ನಾನ ಹಾಕಿಸಿದ್ದೆ. ಬ್ಯಾಡ ಬ್ಯಾಡ ಅಂತ ಅತ್ತಿದ್ದ."

ಚೇಳು ಎಂದಾಗ ದಾನಮ್ಮನಿಗೆ ಏನೋ ನೆನಪಾದಂತಾಯಿತು. ಆ ಮಳೆಗಾಲದಲ್ಲಿ ಬರೆದದ್ದು ಒಂದೆರಡಲ್ಲ. ಹಚ್ಚೆ, ಉಡದಾರ, ಕಾಲುಂಗುರ, ಎಲ್ಲ ಕಲಸಿಹೋಗಿದ್ದವು. ನೆನಪನ್ನು ನಂಬುವುದಕ್ಕಿಂತ ಕಂಪ್ಯೂಟರನ್ನು ಕೇಳುವುದು ಮೇಲು ಎಂದುಕೊಂಡಳು.

ಪ್ರೋಗ್ರಾಮ್ ಫೈಲು ತೆರೆದು ಓದಿತು. ಕೋಣೆಗಳಲ್ಲಿ ಹುಡುಕಿತು. ಪರದೆಯ ಮೇಲೆ ಒಂದೇ ಪದ ಬಂತು.

"ಇಲ್ಲ ಅಂತ ಬಂದದ್ರೀ," ಅಂದಳು ದಾನಮ್ಮ.

"ಇಲ್ಲೇನು?"

"ಇಲ್ರೀ. ನಮ್ಮ ಕಡೆ ಬಂದಿಲ್ಲ."

ಹುಲಿಗೆವ್ವ ಆ ಹಳೆಯ ಕಂಪ್ಯೂಟರಿಗೆ ಕೈ ಮುಗಿದಳು. ಬೇಡವೆಂದರೂ ದಾನಮ್ಮನ ಕಾಲು ಮುಟ್ಟಿದಳು. ಬೇವಿನ ಮರಗಳ ಪಕ್ಕದ ದಾರಿಯಲ್ಲಿ ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಹೋದಳು.

ಅಪ್ಪಾರು ತಿರುಗಿ ಬಂದದ್ದು ದೀಪಾವಳಿ ಕಳೆದ ಮೇಲೆ. ಆಪರೇಷನ್ನು ಫಲಿಸಿರಲಿಲ್ಲ. ಕಣ್ಣಿಗೆ ಬೆಳಕು ಕತ್ತಲು ಮಾತ್ರ ಗೊತ್ತಾಗುತ್ತಿತ್ತು.

ಅವರ ದುಃಖ ಹಗುರಾಗಲಿ ಎಂದು ದಾನಮ್ಮ ನಡೆದ ಒಳ್ಳೆಯ ಸುದ್ದಿಗಳನ್ನೆಲ್ಲ ಹೇಳುತ್ತಾ ಕುಳಿತಳು. ಹುಲಿಗೆವ್ವನ ಸುದ್ದಿಯನ್ನೂ ಹೇಳಿದಳು.

"ಚೇಳಿನ ಹಚ್ಚೀನ?" ಅಂದರು ಅಪ್ಪಾರು.

"ಹೌದ್ರೀ. ಬಲಗೈ ಮ್ಯಾಲ."

ಅಪ್ಪಾರು ತಮ್ಮ ಬಲಗೈಯನ್ನು ಎಡಗೈಯಿಂದ ನಿಧಾನವಾಗಿ ಸವರಿಕೊಂಡರು.

"ಅದನ್ನ ನಾ ತೊಳದೀನಿ, ದಾನವ್ವ. ಸೂಜಿ ಆಳಕ್ಕ ಇಳಿದಿತ್ತು. ಕೊಂಡಿ ಇದ್ದಲ್ಲಿ ಚರ್ಮ ಉಬ್ಬಿತ್ತು. ಇದೇನು ಅಂತ ನಿನ್ನ ಕೇಳಿದ್ದೆ. ಚೇಳು ಅಂತ ನೀನ ಹೇಳಿದ್ದಿ."

ದಾನಮ್ಮ ಕಂಪ್ಯೂಟರಿನ ಕಡೆ ತಿರುಗಿದಳು.

"ಕಂಪ್ಯೂಟರ್ ಇಲ್ಲ ಅಂತು ಅಪ್ಪಾರ."

"ಓದಿಸು. ಕೋಣಿಯೊಳಗ ಬಂದವರನ್ನೆಲ್ಲ ನನಗ ಕೇಳೂ ಹಂಗ ಹೇಳು."

ದಾನಮ್ಮ ಪ್ರೋಗ್ರಾಮ್ ಓಡಿಸಿದಳು. ಅರೇಯೊಳಗೆ ಬಂದ ಸಾಲುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದಳು. ಬಿಳಿ ಧೋತರ, ಎಡಗಾಲು ಕುಂಟು. ಹಸಿರು ಬಳೆ, ವಯಸ್ಸು ಸುಮಾರು ಇಪ್ಪತ್ತು. ಖಾಕಿ ಚಡ್ಡಿ, ಕೊರಳಲ್ಲಿ ತಾಯಿತ. ಕೊನೆಗೆ, ಮುದುಕಿ, ಕಂದು ಸೀರೆ. ಅಪ್ಪಾರು ತಲೆ ತಗ್ಗಿಸಿ ಕೇಳಿದರು.

ದಾನಮ್ಮ ನಿಲ್ಲಿಸಿದಳು.

"ಮುಂದ?"

"ಇಷ್ಟ ಅಪ್ಪಾರ. ಮುಗೀತು."

"ನೀ ಕೊನೀಗೆ ಓದಿದ್ದು ಹ್ವಾದ ವರ್ಷದ ಮುದುಕಿ. ಈ ಮಳಿಗಾಲದವರು ಎಲ್ಲಿ?"

"ಕೋಣಿ ಸಾಲಲಿಲ್ಲೋ ಏನೋ."

"ನೋಡು."

ನೋಡಿದಳು. ಕೋಣೆಗಳು ಇನ್ನೂ ಬಹಳ ಖಾಲಿ ಇದ್ದವು.

ಆಗ ಅವಳು ಫೈಲನ್ನು ಬೇರೆ ರೀತಿಯಲ್ಲಿ, ಒಂದಕ್ಷರವೂ ಮರೆಯಾಗದಂತೆ ತೆರೆದಳು. ಹಳೆಯ ಸಾಲುಗಳು ಮುಗಿದು ಅವಳು ಅಂಟಿಸಿದ ಸಾಲುಗಳು ಶುರುವಾಗುವಲ್ಲಿ ಒಂದು ಸಣ್ಣ ಬಾಣ ಬಲಕ್ಕೆ ಮುಖ ಮಾಡಿ ನಿಂತಿತ್ತು. ಹಳೆಯ ಪ್ರೋಗ್ರಾಮು ಫೈಲಿನ ಕೊನೆಯಲ್ಲಿ ತಾನೇ ಇಟ್ಟಿದ್ದ ಗುರುತು ಅದು. ಪ್ರೋಗ್ರಾಮಿನೊಳಗಿಂದ ಸೇರಿಸಿದ್ದರೆ ಅದು ಆ ಗುರುತನ್ನು ಕೆಳಕ್ಕೆ ಸರಿಸಿಕೊಳ್ಳುತ್ತಿತ್ತು. ದಾನಮ್ಮ ಹೊರಗಿನಿಂದ ಅಂಟಿಸಿದ್ದಳು. ಲ್ಯಾಪ್‌ಟಾಪು ಆ ಬಾಣವನ್ನು ತೋರಿಸಿರಲಿಲ್ಲ.

ಪ್ರೋಗ್ರಾಮು ಪ್ರತಿ ಸಲವೂ ಅಲ್ಲಿಯವರೆಗೆ ಓದಿ, ಮುಗಿಯಿತೆಂದು ಫೈಲು ಮುಚ್ಚುತ್ತಿತ್ತು.

ಬಾಣದಿಂದ ಕೆಳಗೆ ಎಲ್ಲೋ ನಡುವೆ ಆ ಸಾಲಿತ್ತು. ಗಂಡಸು, ಮೂವತ್ತರ ಒಳಗೆ, ನೀಲಿ ಅಂಗಿ, ಬಲಗೈ ಮೇಲೆ ಚೇಳು. ಅವಳೇ ಟೈಪು ಮಾಡಿದ್ದಳು.

ಅವಳು ಅದನ್ನು ಅಪ್ಪಾರಿಗೆ ಓದಿ ಹೇಳಿದಳು.

"ಬ್ಯಾರೆ ಯಾರಿಗರ ಹಿಂಗ ಇಲ್ಲ ಅಂತ ಹೇಳಿ ಕಳಿಸೀಯೇನು?" ಅಪ್ಪಾರು ಕೇಳಿದರು.

"ಇಲ್ರೀ. ಈ ನಡುವ ಆಕೀ ಒಬ್ಬಾಕಿನ ಬಂದಿದ್ದು."

ದಾನಮ್ಮ ಬಾಣವನ್ನು ಅಲ್ಲಿಂದ ತೆಗೆದು ಫೈಲಿನ ಕೊನೆಗೆ ಇಟ್ಟಳು. ಮತ್ತೆ ಓದಿಸಿದಳು. ಈ ಸಲ ಎಲ್ಲರೂ ಒಳಗೆ ಬಂದರು. ಅವಳಿಗೆ ಅಲ್ಲಿ ಕೂರಲಾಗಲಿಲ್ಲ. ಹೊರಗೆ ಹೋಗಿ ಗೋಡೆಗೆ ಒರಗಿ ಅತ್ತಳು.

ಬಹಳ ಹೊತ್ತಿನ ಮೇಲೆ ಒಳಗೆ ಬಂದು ಅಪ್ಪಾರ ಎದುರು ಕುಳಿತಳು.

"ಅಪ್ಪಾರ, ಆಕಿ ನಕ್ಕೋತ ಹ್ವಾದಳ್ರೀ."

ಅಪ್ಪಾರು ಮಡಚಿಟ್ಟಿದ್ದ ಶಾಲಿಗೆ ಕೈ ಚಾಚಿದರು.

"ತಮ್ಮ ಎಲ್ಲೋ ಅದಾನ ಅಂತ ತಿಳಕೊಂಡು ಬದುಕ್ಯಾಳ. ಈಗ ಹೋಗಿ ಅದನ್ನ ಕಸಗೊಂಡು ಬರೂದೇನ್ರೀ? ಸತ್ತಾಂವ ಅಂತೂ ತಿರುಗಿ ಬರೂದಿಲ್ಲ. ಆಸೇದಾಗ ಇರಲಿ ಬಿಡ್ರಿ."

ಅಪ್ಪಾರು ಎದ್ದರು. ಗೋಡೆ ಹಿಡಿದು ಮೂಲೆಯಲ್ಲಿದ್ದ ಕೋಲು ತಡಕಿದರು. ಹೆಗಲ ಮೇಲೆ ಶಾಲು ಹಾಕಿಕೊಂಡು ಬಿಸಿಲಿಗೆ ಇಳಿದರು. ಅವರು ನಡೆದದ್ದು ಬಸ್ಸಿನ ದಾರಿಯ ಕಡೆಗಲ್ಲ, ನೇರ ಹೊಳೆಯ ಕಡೆಗೆ.

ದಾನಮ್ಮ ಓಡಿ ಹೋಗಿ ಕೈ ಹಿಡಿದಳು.

"ಎಲ್ಲಿಗೆ ಅಪ್ಪಾರ?"

"ಆಕಿ ಊರಿಗೆ. ನನಗ ಹಾದಿ ಕಾಣೂದಿಲ್ಲ. ನಿನಗ ಕಾಣ್ತದಲ್ಲ?"

ದಾನಮ್ಮ ಅವರನ್ನು ಬಸ್ಸಿನ ದಾರಿಗೆ ತಿರುಗಿಸಿದಳು.

ಬಸ್ಸಿನಲ್ಲಿ ಅವಳು ಕೇಳಿದಳು, "ಅಲ್ಲಿ ಹೋಗಿ ಏನಂತ ಹೇಳಲ್ರೀ?"

"ಏನಾತೋ ಅದನ್ನ."

"ನನ್ನಿಂದ ಆತು ಅಂತಾನೂ?"

"ನಿನ್ನಿಂದನ ಆತಲ್ಲ."

ಬಸ್ಸಿಳಿದ ಮೇಲೆ ದಾನಮ್ಮ ಅವರ ಕೈ ಹಿಡಿದು ಓಣಿ ಕೇಳಿಕೊಂಡು ನಡೆದಳು.

ಹುಲಿಗೆವ್ವನ ಮನೆ ಅಂಬಿಗರ ಓಣಿಯ ಕೊನೆಯಲ್ಲಿತ್ತು. ಅಂಗಳದಲ್ಲಿ ಹರಿಗೋಲು ಬೋರಲಾಗಿ ಮಲಗಿತ್ತು. ಅದಕ್ಕೆ ಹೊಸದಾಗಿ ಟಾರು ಬಳಿದಿದ್ದರು. ಬಿಸಿಲಿಗೆ ಕರ್ರಗೆ ಹೊಳೆಯುತ್ತಿತ್ತು.

ಬಾಗಿಲಲ್ಲಿ ಒಬ್ಬ ಎಳೆಯ ಹೆಂಗಸು ಅಕ್ಕಿ ಹಸನು ಮಾಡುತ್ತಿದ್ದಳು. ಯಮನೂರನ ಹೆಂಡತಿ ಲಕ್ಕವ್ವ. ಕಾವಿಯವರನ್ನು ಕಂಡು ಎದ್ದು ನಿಂತಳು. ಒಳಗಿನಿಂದ ಹುಲಿಗೆವ್ವ ಬಂದಳು. ದಾನಮ್ಮನ ಗುರುತು ಹಿಡಿದಳು.

"ಅಕ್ಕಾರ! ನೀವ ಬಂದ್ರೇನು? ಸಿಕ್ಕನೇನ್ರೀ?"

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ದಾನಮ್ಮನಿಗೆ ಮರೆತೇಹೋದವು.

"ಸಿಕ್ಕಾನ," ಅಂದಳು.

ಹುಲಿಗೆವ್ವನ ಮುಖ ಅರಳಿತು. ದಾನಮ್ಮನ ಎರಡೂ ಕೈ ಹಿಡಿದುಕೊಂಡಳು.

"ಎಲ್ಲಿ ಅದಾನ್ರೀ? ನಿಮ್ಮ ಹತ್ರ ಅದಾನೇನು? ಯಾಕ ಕರಕೊಂಡು ಬರಲಿಲ್ಲ?"

"ನಮ್ಮ ಹತ್ರನ ಅದಾನ," ಅಂದಳು ದಾನಮ್ಮ. "ಮಣ್ಣಾಗ."

ಹುಲಿಗೆವ್ವ ಹಿಡಿದ ಕೈ ಬಿಡಲಿಲ್ಲ. ಮಾತು ಅವಳೊಳಗೆ ಇಳಿಯಲು ಹೊತ್ತು ಹಿಡಿಯಿತು.

"ಯಾವಾಗ?"

"ಹೊಳಿ ಬಂದಾಗ. ಮಳಿಗಾಲದಾಗ. ಅಪ್ಪಾರು ತಾವ ತೊಳದು ಮಣ್ಣು ಮಾಡ್ಯಾರ."

"ಅಂದ್ರ ನಾ ನಿಮ್ಮ ಕಡೆ ಬಂದಾಗ..."

"ಅಲ್ಲೇ ಇದ್ದ."

"ನಾ ನಿಮ್ಮ ಮುಂದ ನಿಂತು ಕೇಳಿದಾಗ?"

"ಅಲ್ಲೇ ಇದ್ದ ಅಕ್ಕಾರ. ಅವನ ಗುರುತು ನಾನ ಬರದಿದ್ದೆ. ಸರಿಯಾಗಿ ಸೇರಸಲಿಲ್ಲ. ಕಂಪ್ಯೂಟರ್ ಅರ್ಧಕ್ಕ ಓದೂದು ನಿಲ್ಲಿಸಿತ್ತು. ನಾ ನೋಡಲಿಲ್ಲ. ಇಲ್ಲ ಅಂತ ನಿಮಗ ಹೇಳಿಬಿಟ್ಟೆ. ತಪ್ಪು ನಂದು."

ಹುಲಿಗೆವ್ವ ಕೈ ಬಿಟ್ಟಳು.

"ಎಲ್ಲಿ ಮಣ್ಣು ಮಾಡೀರಿ?"

"ಆಶ್ರಮದ ಹಾದಿ ಪಕ್ಕ. ಬೇವಿನ ಗಿಡದ ಕೆಳಗ."

"ಆ ಹಾದೀಲೆ ನಾ ನಕ್ಕೋತ ಬಂದ್ನಲ್ಲಬೇ," ಅಂದಳು ಹುಲಿಗೆವ್ವ. "ನನ್ನ ಕೂಸಿನ ಪಕ್ಕದಲೇ ನಾ ನಕ್ಕೋತ ಬಂದ್ನಲ್ಲ."

ಹರಿಗೋಲಿನ ಪಕ್ಕ ಕುಸಿದು ಕುಳಿತಳು. ಸೆರಗು ಬಾಯಿಗೆ ಒತ್ತಿಕೊಂಡಳು. ಕೂಗಲಿಲ್ಲ. ದಾನಮ್ಮನಿಗೆ ಅವಳು ಕೂಗಿದ್ದರೆ, ಬೈದಿದ್ದರೆ, ಹೊಡೆದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಲಕ್ಕವ್ವ ಬಾಗಿಲಲ್ಲಿಯೇ ನಿಂತಿದ್ದಳು. ಕೈಯಲ್ಲಿ ಮೊರ ಹಾಗೆಯೇ ಇತ್ತು. ದಾನಮ್ಮ ಅವಳ ಹತ್ತಿರ ಹೋದಳು.

"ನನಗ ಮೊದಲಿಗೇ ಗೊತ್ತಿತ್ತು," ಅಂದಳು ಲಕ್ಕವ್ವ. ದನಿ ಸಣ್ಣದು. "ಇದ್ದಿದ್ರ ಬರ್ತಿದ್ದ. ಬರದ ಇರಾಂವಲ್ಲ. ಅಳಬೇಕು ಅನಸ್ತಿತ್ತು. ನಾ ಅತ್ರ ಅಕ್ಕಾರು ಬೈತಿದ್ರು. ಇರಾಂವಗ ಯಾಕ ಅಳ್ತಿ, ಕೇಡು ಬಯಸ್ತೀಯೇನು ಅಂತಿದ್ರು. ದೀಪಾವಳಿಗೆ ನಮ್ಮಪ್ಪ ಕರ್ಯಾಕ ಬಂದಿದ್ದ. ಸತ್ತವರೊಳಗ ಇಲ್ಲ ಅಂತ ಕಂಪ್ಯೂಟರನ ಅಂದದ, ನೀ ಯಾಂವ ಹೇಳಾಂವ ಅಂತ ತಿರುಗಿ ಕಳಿಸಿದ್ರು."

ಅವಳು ಮೊರ ಕೆಳಗಿಟ್ಟಳು.

"ಈಗ ಅಳ್ಲೇನ್ರೀ?" ಎಂದು ಕೇಳಿದಳು.

ದಾನಮ್ಮ ಅವಳನ್ನು ಅಪ್ಪಿಕೊಂಡಳು. ಲಕ್ಕವ್ವ ಆಗ ಅತ್ತಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ಕುಳಿತರು.

ಅಪ್ಪಾರು ಹರಿಗೋಲಿನ ಆಚೆ ಬದಿಯಲ್ಲಿ, ಹುಲಿಗೆವ್ವನಿಗೆ ಕಾಣುವಂತೆ ನೆಲದ ಮೇಲೆ ಕುಳಿತಿದ್ದರು. ಸಂಜೆಯ ಬಸ್ಸು ಹೋದರೂ ಏಳಲಿಲ್ಲ.

ಬರುವ ದಾರಿಯಲ್ಲಿ ದಾನಮ್ಮನ ಬಾಯಿಗೆ ಬಾರದಿದ್ದ ಒಂದು ಮಾತು ಆಗ ಬಂತು. ಅಪ್ಪಾರ ಕಿವಿಯ ಹತ್ತಿರ ಬಾಗಿದಳು.

"ನಾ ಆಕಿ ಆಸೆ ಉಳೀಲಿ ಅಂತ ಬರಾಕ ಒಲ್ಲೆ ಅಂದಿದ್ದಲ್ಲ ಅಪ್ಪಾರ. ನಾ ಅಂಜಿ ಒಲ್ಲೆ ಅಂದಿದ್ದೆ."

"ಗೊತ್ತಿತ್ತು," ಅಂದರು ಅಪ್ಪಾರು.

ಮರುದಿನ ಹುಲಿಗೆವ್ವ, ಲಕ್ಕವ್ವ, ಸುದ್ದಿ ಕೇಳಿ ರಾತ್ರಿಯೇ ಬಂದಿದ್ದ ಲಕ್ಕವ್ವನ ತಂದೆ ಅವರ ಜೊತೆಯಲ್ಲೇ ಆಶ್ರಮಕ್ಕೆ ಬಂದರು.

ಫೈಲಿನ ಸಾಲು ಎಣಿಸಿ, ಬೇವಿನ ಮರದ ಕೆಳಗೆ ಯಾವ ಗುಡ್ಡೆ ಅವನದೆಂದು ದಾನಮ್ಮ ತೋರಿಸಿದಳು. ಮಳೆಗೆ ಕುಸಿದ ಮಣ್ಣಿನ ಮೇಲೆ ಹುಲ್ಲು ಬಂದಿತ್ತು. ಹುಲಿಗೆವ್ವ ಬಗ್ಗಿ ಹುಲ್ಲನ್ನು ಕೀಳತೊಡಗಿದಳು. ಒಂದೆಳೆಯೂ ಉಳಿಯದಂತೆ ಕಿತ್ತಳು.

ಪೂಜೆಗೆ ದಾನಮ್ಮ ಹೊಳೆಯಿಂದ ಕೊಡದಲ್ಲಿ ನೀರು ತಂದಿದ್ದಳು. ಹುಲಿಗೆವ್ವ ಅದನ್ನು ನೋಡಿ ಮುಖ ತಿರುಗಿಸಿದಳು.

"ಹೊಳಿ ನೀರು ಬ್ಯಾಡ ಅವನ ಮ್ಯಾಲ."

ದಾನಮ್ಮ ಕೊಡ ಚೆಲ್ಲಿ, ಬಾವಿಯಿಂದ ಸೇದಿಕೊಂಡು ಬಂದಳು.

ಲಕ್ಕವ್ವ ಹೂವಿಟ್ಟಳು. ಅವಳ ತಂದೆ ಕಾಯಿ ಒಡೆದ. ಅಪ್ಪಾರು ಮಣ್ಣಿನ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ಹಾಗೆಯೇ ಇದ್ದರು.

ಮುಗಿದ ಮೇಲೆ ಹುಲಿಗೆವ್ವ ಲಕ್ಕವ್ವನನ್ನು ಹತ್ತಿರ ಕರೆದಳು.

"ಅಪ್ಪನ ಕೂಡ ಹೋಗವ್ವ. ನಿನಗ ಇನ್ನ ವಯಸ್ಸದ. ಇಷ್ಟು ದಿನ ನಿನ್ನ ಬಾಯಿ ಕಟ್ಟಿ ಕೂಡಿಸಿದೆ. ಮನಸ್ಸಿನಾಗ ಇಟಗೋಬ್ಯಾಡ."

"ನೀವು ಒಬ್ರ ಆಗ್ತೀರಿ."

"ಆಗ್ತೀನಿ. ನೀ ಹೋಗು."

ಲಕ್ಕವ್ವ ಅವಳ ಕಾಲು ಮುಟ್ಟಿ ಎದ್ದಳು. ದಾರಿಯ ತಿರುವಿನವರೆಗೂ ಹಿಂದೆ ಹಿಂದೆ ನೋಡುತ್ತಾ ಹೋದಳು.

ಹುಲಿಗೆವ್ವ ಏಳಲಿಲ್ಲ. ಮಣ್ಣಿನ ಪಕ್ಕ ಕಾಲು ಮಡಚಿಕೊಂಡು ಕುಳಿತೇ ಇದ್ದಳು. ದಾನಮ್ಮ ಒಮ್ಮೆ ಹತ್ತಿರ ಹೋದಾಗ ತಲೆಯೆತ್ತಿ ನೋಡಲೂ ಇಲ್ಲ.

ದಾನಮ್ಮ ಒಳಗೆ ಬಂದು ಅಪ್ಪಾರ ಮುಂದೆ ನಿಂತಳು.

"ಇನ್ನ ನಾ ಆ ಕಂಪ್ಯೂಟರ್ ಮುಟ್ಟೂದಿಲ್ಲ ಅಪ್ಪಾರ. ಆ ಕೆಲಸ ಬ್ಯಾರೆ ಯಾರಿಗರ ಕೊಡ್ರಿ."

"ಯಾರಿಗೆ ಕೊಡ್ಲಿ?"

"ತಪ್ಪು ಮಾಡದವರಿಗೆ."

"ಅಂಥವರು ಸಿಕ್ಕರ ಕರಕೊಂಡು ಬಾ. ಅಲ್ಲೀ ಮಟಾ ನೀನ ಓದಸು."

ದಾನಮ್ಮ ಅಲ್ಲಿಯೇ ಕುಳಿತಳು. ಹೊರಗೆ ಬಿಸಿಲು ಇಳಿಯುತ್ತಿತ್ತು. ಬಾಗಿಲಿನಿಂದ ಬೇವಿನ ಮರಗಳು ಕಾಣುತ್ತಿದ್ದವು, ಅವುಗಳ ಕೆಳಗೆ ಹುಲಿಗೆವ್ವನ ಬಾಗಿದ ಬೆನ್ನು.

"ಆಕಿ ಎಂದರ ನನ್ನ ಕ್ಷಮಾ ಮಾಡ್ತಾಳೇನ್ರೀ?"

ಅಪ್ಪಾರು ಅವಳ ಕಡೆ ಮುಖ ತಿರುಗಿಸಿದರು.

"ಅದನ್ನ ಆಕಿಗೇ ಬಿಡು. ಮುಂಜಾನಿಂದ ಹಸದಾಳ, ಹೋಗಿ ಎಬ್ಬಿಸಿ ಕರಕೊಂಡು ಬಾ."